ಇಟಲಿಯ ವೀಸಾದಲ್ಲಿ ಬೋಸ್ನಿಯಾಕ್ಕೆ ಹೋಗಿ ಬಂದದ್ದು

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ಊರು ಬಿಡಲು ಸಿಗುವ ಬಿಡುವು ಕಡಿಮೆ. ಮಳೆ ಹಿಂದಾಗಿ ಅರೇಬಿಕಾ ಹಣ್ಣಾಗುವುದರೊಳಗೆ ಹೋಗಿ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಇಟಲಿಯ ಟ್ರಿಯೆಸ್ತೆ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ಕಾಫಿ ವ್ಯಾಪಾರ ಮೇಳ ನಡೆಯುವುದೂ ಅದೃಷ್ಟಕ್ಕೆ ಅಕ್ಟೋಬರ್‌ನಲ್ಲೇ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ರೊಬಸ್ಟಾ ಜಾತಿಯ ಕಾಫಿ ಕೊನೆಗೆ ಏನಾಗುತ್ತದೆ ಎಂದು ಒಮ್ಮೆ ನೋಡಬೇಕೆಂದು 2024ರಲ್ಲಿ ನಾನೂ ಭಾವನೂ ಹೊರಟೆವು. ಅಷ್ಟು ದೂರ ಹೋದ ಮೇಲೆ ಸ್ಲೊವೇನಿಯಾ, ಕ್ರೊಯೇಷಿಯಾ ದಾಟಿ ಬೋಸ್ನಿಯಾವನ್ನೂ ನೋಡೋಣ ಎಂದವನು ನಾನು.

"ಅದಕ್ಕೆ ಬೇರೆ ವೀಸಾ ಬೇಡವೇನಯ್ಯಾ?" ಎಂದರು ಭಾವ.

ಬೇಡ, ಆದರೆ ಷರತ್ತಿದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ವಲಯ ಎನ್ನುತ್ತಾರೆ; ಇಟಲಿ ಕೊಡುವುದೂ ಷೆಂಗೆನ್ ವೀಸಾವೇ. ಬೋಸ್ನಿಯಾ ಆ ವಲಯದಲ್ಲಿಲ್ಲ. ಆದರೂ ಚಾಲ್ತಿಯಲ್ಲಿರುವ, ಹಲವು ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾ ಇದ್ದವರನ್ನು ತನ್ನ ವೀಸಾ ಕೇಳದೆ 30 ದಿನಗಳವರೆಗೆ ಒಳಗೆ ಬಿಡುತ್ತದೆ. ಕೇಳಿದವರು ಸಾಮಾನ್ಯವಾಗಿ 'ಷೆಂಗೆನ್ ವೀಸಾ ಸಾಕಂತೆ' ಎಂಬಷ್ಟನ್ನು ಹಿಡಿದುಕೊಂಡು 'ಹಲವು ಬಾರಿ' ಎಂಬುದನ್ನು ಬಿಟ್ಟುಬಿಡುತ್ತಾರೆ. ಸ್ಲೊವೇನಿಯಾ ಷೆಂಗೆನ್ ಒಳಗಿದೆ, 2023ರ ಜನವರಿ 1ರಿಂದ ಕ್ರೊಯೇಷಿಯಾವೂ ಇದೆ. ಹಾಗಾಗಿ ಇಟಲಿಯಿಂದ ಅಲ್ಲಿಯವರೆಗಿನ ಓಡಾಟವೆಲ್ಲ ಒಂದೇ ಪ್ರವೇಶದ ಲೆಕ್ಕ. ಬೋಸ್ನಿಯಾಕ್ಕೆ ಕಾಲಿಟ್ಟ ಕೂಡಲೇ ಆ ಪ್ರವೇಶ ಮುಗಿಯುತ್ತದೆ. ಊರಿಗೆ ಮರಳುವ ನಮ್ಮ ವಿಮಾನವಿದ್ದದ್ದು ಇಟಲಿಯ ವೆನಿಸ್‌ನಿಂದ. ಬೋಸ್ನಿಯಾದವರು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಗಿಂತ, ಅಲ್ಲಿಂದ ಮತ್ತೆ ಕ್ರೊಯೇಷಿಯಾದವರು ಬಿಡಬೇಕಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಹೆಚ್ಚು ರಾತ್ರಿಗಳನ್ನು ಎಲ್ಲಿ ಕಳೆಯುತ್ತೇವೋ ಆ ದೇಶಕ್ಕೇ ಅರ್ಜಿ ಹಾಕಬೇಕು. ನಮಗೆ ಅದು ಇಟಲಿ. ಅರ್ಜಿಯಲ್ಲಿ ಎಷ್ಟು ಪ್ರವೇಶ ಬೇಕು ಎಂಬ ಪ್ರಶ್ನೆ ಇರುತ್ತದೆ: ಒಂದು, ಎರಡು, ಹಲವು. ನಮ್ಮೂರಿನ ಏಜೆಂಟರೊಬ್ಬರು "ಬೋಸ್ನಿಯಾದ ಸುದ್ದಿಯೇ ಎತ್ತಬೇಡಿ, ಅನುಮಾನ ಬರುತ್ತದೆ" ಎಂದು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಸುದ್ದಿ ಎತ್ತದಿದ್ದರೆ ಹಲವು ಪ್ರವೇಶ ಕೇಳಲು ಕಾರಣವಾದರೂ ಏನು? ಯಾವ ದಿನ ಕ್ರೊಯೇಷಿಯಾ ಬಿಡುತ್ತೇವೆ, ಯಾವ ದಿನ ಮರಳುತ್ತೇವೆ ಎಂದು ಪತ್ರದಲ್ಲಿ ಬರೆದು, ಬೋಸ್ನಿಯಾದ ಮೋಸ್ಟಾರ್ ನಗರದಲ್ಲಿ ಹೋಟೆಲ್ ಕಾಯ್ದಿರಿಸಿದ ಚೀಟಿಯನ್ನೂ ಲಗತ್ತಿಸಿದೆ. ಕೊಡುವುದು ಬಿಡುವುದು ಅವರ ಇಷ್ಟ. ಕೇಳುವುದಕ್ಕೆ ಆಧಾರವಿರಲಿ ಎಂಬುದಷ್ಟೇ ನನ್ನ ವಾದ. ವೀಸಾ ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ಬೆಳೆಗಾರರಿಗೆ ನಿಜವಾದ ತಲೆನೋವು ಆದಾಯದ ಪುರಾವೆ. ಸಂಬಳದ ಚೀಟಿ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ರಿಟರ್ನ್ಸ್‌ನಲ್ಲಿ ತೆರಿಗೆಯ ಅಂಕಿ ಚಿಕ್ಕದಾಗಿ ಕಾಣುತ್ತದೆ. ನಾನು ಪಹಣಿಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಕಾಫಿ ಮಂಡಳಿಯ ನೋಂದಣಿ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ರಸೀದಿಗಳು, ಅದೇ ಹಣ ಜಮೆಯಾದ ಬ್ಯಾಂಕ್ ಪುಟಗಳು, ಎಲ್ಲವನ್ನೂ ಒಟ್ಟಿಗೆ ಜೋಡಿಸಿದೆ. ವರ್ಷವಿಡೀ ಖಾತೆ ಏಕೆ ಖಾಲಿ, ಕೊಯ್ಲು ಮುಗಿದ ಮೇಲೆ ಏಕೆ ಒಮ್ಮೆಲೇ ತುಂಬುತ್ತದೆ ಎಂಬುದನ್ನೂ ಪತ್ರದಲ್ಲಿ ವಿವರಿಸಿದೆ. ತಿಂಗಳ ಸಂಬಳದ ಲೋಕದಲ್ಲಿರುವ ಅಧಿಕಾರಿಗೆ ಅದು ತಾನಾಗಿ ಹೊಳೆಯುವ ವಿಷಯವಲ್ಲ.

ಪಾಸ್‌ಪೋರ್ಟ್ ಕೈಗೆ ಬಂದಾಗ ಮೊದಲು ನೋಡಿದ್ದು ಪ್ರವೇಶಗಳ ಸಂಖ್ಯೆಯ ಜಾಗ. '01' ಇದ್ದರೆ ಒಂದೇ ಸಲ. ನಮ್ಮದರಲ್ಲಿ 'ಮಲ್ಟ್', ಅಂದರೆ ಹಲವು ಬಾರಿ, ಎಂದಿತ್ತು. ಅದರ ಪಕ್ಕದಲ್ಲೇ ಎಷ್ಟು ದಿನ ಇರಬಹುದು ಎಂಬ ಅಂಕಿ ಇರುತ್ತದೆ. ವೀಸಾದ ಅವಧಿ ಬೇರೆ, ಇರಬಹುದಾದ ದಿನಗಳು ಬೇರೆ. ಗಡಿ ದಾಟಿ ಹೋದ ದಿನವೂ ಮರಳಿ ಬಂದ ದಿನವೂ ಷೆಂಗೆನ್ ಲೆಕ್ಕಕ್ಕೆ ಸೇರುತ್ತವೆ, ನಡುವಿನವು ಸೇರುವುದಿಲ್ಲ.

ಟ್ರಿಯೆಸ್ತೆಯಿಂದ ಸ್ಲೊವೇನಿಯಾದ ಲ್ಯುಬ್ಲಿಯಾನಾಕ್ಕೆ ಬಸ್. ಷೆಂಗೆನ್ ಒಳಗೆ ತಪಾಸಣೆಯೇ ಇಲ್ಲ ಎಂದು ನಂಬಿ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಇಡಬೇಡಿ. 2023ರ ಅಕ್ಟೋಬರ್‌ನಿಂದ ಇಟಲಿ ಸ್ಲೊವೇನಿಯಾದ ಗಡಿಯಲ್ಲಿ, ಸ್ಲೊವೇನಿಯಾ ಕ್ರೊಯೇಷಿಯಾದ ಗಡಿಯಲ್ಲಿ ತಾತ್ಕಾಲಿಕ ತಪಾಸಣೆ ಆರಂಭಿಸಿ ಅದನ್ನು ಮುಂದುವರಿಸಿಕೊಂಡು ಬಂದಿವೆ. ಪೊಲೀಸರು ಬಸ್ ಹತ್ತಿ ನೋಡಿದರು, ಮುದ್ರೆ ಒತ್ತಲಿಲ್ಲ.

ಮುದ್ರೆ ಬಿದ್ದದ್ದು ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಮೋಸ್ಟಾರ್‌ಗೆ ಹೋಗುವಾಗ. ಕಂಡಕ್ಟರ್ ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ ಒಯ್ದರು. ಉಳಿದವರದು ಬೇಗ ಬಂತು. ನಮ್ಮ ಎರಡಕ್ಕಾಗಿ ಇಡೀ ಬಸ್ ಕಾದು ಕುಳಿತಿತ್ತು. ಬೋಸ್ನಿಯಾದ ಅಧಿಕಾರಿ ವೀಸಾ ಪುಟವನ್ನು ಬೆಳಕಿಗೆ ಹಿಡಿದು ನೋಡಿ, ಯಾವ ಹೋಟೆಲ್ ಎಂದು ಕೇಳಿ ಮುದ್ರೆ ಒತ್ತಿದರು.

ಮೋಸ್ಟಾರ್‌ನ ಹಳೆಯ ಸೇತುವೆಯನ್ನು ಎಲ್ಲರೂ ವರ್ಣಿಸುತ್ತಾರೆ. 1566ರಲ್ಲಿ ಕಟ್ಟಿದ್ದು, 1993ರ ಯುದ್ಧದಲ್ಲಿ ಬಿದ್ದದ್ದು, 2004ರಲ್ಲಿ ಮತ್ತೆ ಎದ್ದದ್ದು. ನನಗೆ ಅದಕ್ಕಿಂತ ಕಾಫಿ ಮುಖ್ಯವಾಗಿತ್ತು. ಟ್ರಿಯೆಸ್ತೆಯಲ್ಲಿ ಎರಡು ಗುಟುಕಿನ ಎಸ್ಪ್ರೆಸ್ಸೊವನ್ನು ನಿಂತೇ ಮುಗಿಸುತ್ತಾರೆ. ಅದರ ಮೇಲಿನ ದಪ್ಪ ನೊರೆಗೆ ರೊಬಸ್ಟಾ ಬೇಕು, ನಮ್ಮ ಬೆಳೆಯನ್ನು ಅವರು ಕೊಳ್ಳಲು ಅದೂ ಒಂದು ಕಾರಣ. ಮೋಸ್ಟಾರ್‌ನಲ್ಲಿ ನುಣ್ಣಗೆ ಅರೆದ ಪುಡಿಯನ್ನು ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲೇ ಉಕ್ಕಿಸಿ, ಸೋಸದೆ, ಹಿಡಿಯಿಲ್ಲದ ಪುಟ್ಟ ಬಟ್ಟಲು, ಸಕ್ಕರೆ ತುಂಡು, ಒಂದು ಸಿಹಿಯೊಂದಿಗೆ ತಟ್ಟೆಯಲ್ಲಿ ತಂದಿಡುತ್ತಾರೆ. ಚರಟ ಇಳಿಯುವವರೆಗೆ ಕಾಯಬೇಕು. ಭಾವನಿಗೆ ಹಾಲಿಲ್ಲದ್ದು ಸೇರಲಿಲ್ಲ. "ಚಿಕೋರಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು" ಎಂದರು. ಬೆಳೆಗಾರರ ಬಾಯಲ್ಲಿ ಬರಬಾರದ ಮಾತು.

ಮರಳುವಾಗ ಕ್ರೊಯೇಷಿಯಾದ ಗಡಿಯಲ್ಲಿ ಪ್ರಶ್ನೆಗಳು ಹೆಚ್ಚು: ಮುಂದಿನ ಹೋಟೆಲ್, ವಾಪಸು ಟಿಕೆಟ್, ಕೈಯಲ್ಲಿರುವ ಹಣ, ವಿಮೆ. ಎಲ್ಲದರ ಕಾಗದದ ಪ್ರತಿ ಇಟ್ಟುಕೊಂಡಿದ್ದೆ, ಏಕೆಂದರೆ ಯುರೋಪಿಯನ್ ಒಕ್ಕೂಟದ ಸಿಮ್‌ನ ರೋಮಿಂಗ್ ಸೌಲಭ್ಯ ಬೋಸ್ನಿಯಾದಲ್ಲಿ ನಡೆಯುವುದಿಲ್ಲ, ಮೊಬೈಲ್ ನಂಬಿ ಕೂರುವಂತಿಲ್ಲ. ವಿಮೆಯೂ ಷೆಂಗೆನ್‌ಗೆ ಮಾತ್ರ ಸೀಮಿತವಾಗಿರಬಹುದು. ಬೋಸ್ನಿಯಾವನ್ನು ಸೇರಿಸಿಯೇ ಪಾಲಿಸಿ ಮಾಡಿಸಿದ್ದೆ. ನಮಗೆ ಮುದ್ರೆ ಒತ್ತಿದರು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ಪಡೆದು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಹಂತಹಂತವಾಗಿ ಬಂದಿದೆ, ಆದ್ದರಿಂದ ದಿನದ ಲೆಕ್ಕದಲ್ಲಿ ಯಾರೂ ಜಾಣತನ ತೋರಿಸಲು ಹೋಗಬೇಡಿ.

ಒಂದೇ ಪ್ರವೇಶದ ವೀಸಾ ಸಿಕ್ಕವರು ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವಾಗಲೂ ದಾರಿ ಕೇಳಿಕೊಳ್ಳಬೇಕು. ನಡುವೆ ನೇಉಮ್ ಎಂಬಲ್ಲಿ ಬೋಸ್ನಿಯಾದ ಕಿರು ಕರಾವಳಿ ಅಡ್ಡ ಬರುತ್ತದೆ. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾತ್ಸ್ ಸೇತುವೆಯ ಮೇಲೆ ಹೋಗುವ ಬಸ್ ಹಿಡಿದರೆ ಕ್ರೊಯೇಷಿಯಾ ಬಿಡದೆಯೇ ತಲುಪಬಹುದು.

ಊರಿಗೆ ಬಂದ ಮೇಲೆ ಮಕ್ಕಳು ಹೊರದೇಶದಲ್ಲಿರುವವರು, ಒಂದು ದೇಶದ ವೀಸಾದಲ್ಲಿ ಇನ್ನೊಂದಕ್ಕೆ ಹೋಗಬಹುದೇ ಎಂದು ಕೇಳುತ್ತಲೇ ಇದ್ದಾರೆ. ಬ್ರಿಟನ್ ವೀಸಾದಲ್ಲಿ ಫ್ರಾನ್ಸಿಗೆ ಹೋಗಲಾಗದು. ಐರ್ಲೆಂಡಿಗೆ ಹೋಗಬಹುದು, ವೀಸಾದ ಮೇಲೆ ಬ್ರಿಟಿಷ್-ಐರಿಷ್ ಯೋಜನೆಯ ಗುರುತು ಇದ್ದರೆ. ಅಮೆರಿಕದ ವೀಸಾ ತೋರಿಸಿದರೆ ಮೆಕ್ಸಿಕೊ ಪ್ರವಾಸಿಗರನ್ನು ಬಿಟ್ಟುಕೊಳ್ಳುತ್ತದೆ, ಕೆನಡಾ ನಮ್ಮವರಿಂದ ತನ್ನದೇ ವೀಸಾ ಕೇಳುತ್ತದೆ. ಅಲ್ಬೇನಿಯಾ ಆಸೆಯಿರುವವರು ಹಲವು ಪ್ರವೇಶದ ಷೆಂಗೆನ್ ವೀಸಾವನ್ನು ಮೊದಲು ಷೆಂಗೆನ್‌ನಲ್ಲೇ ಒಮ್ಮೆ ಬಳಸಿರಬೇಕು. ಈ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವ ವಾರದಲ್ಲಿ ಆಯಾ ದೇಶದ ವಿದೇಶಾಂಗ ಸಚಿವಾಲಯದ ಪುಟವನ್ನು ನೀವೇ ತೆರೆದು ಓದಿ.