ಕೊಪ್ಪಳದಿಂದ ಸಿಂಗಪುರದ ರೋಟರಿ ಸಭೆಗೆ: ಸೌಹಾರ್ದ ಭೇಟಿಯ ನನ್ನ ಅನುಭವ

ಸಿಂಗಪುರದಲ್ಲಿ ಮೊದಲ ರೋಟರಿ ಕ್ಲಬ್ ಶುರುವಾದದ್ದು 1930ರಲ್ಲಿ. ಈಗ ಅಲ್ಲಿ ಹಲವು ಕ್ಲಬ್‌ಗಳಿವೆ. ಕೆಲವು ಮಧ್ಯಾಹ್ನದ ಊಟಕ್ಕೆ ಸೇರುತ್ತವೆ, ಕೆಲವು ಸಂಜೆ. ಅದಕ್ಕೇ ಕೊಪ್ಪಳದ ನಮ್ಮ ರೋಟರಿ ಕ್ಲಬ್ಬಿನ ಪರವಾಗಿ ಅಲ್ಲಿಗೆ ಅತಿಥಿಯಾಗಿ ಹೋಗುವಾಗ ನಾನು ಮೊದಲು ಸಭೆಯ ದಿನ ಗೊತ್ತುಮಾಡಿಕೊಂಡು ಆಮೇಲೆ ವಿಮಾನದ ಟಿಕೆಟ್ ತೆಗೆಸುತ್ತೇನೆ. ರೋಟರಿ ಜಾಲತಾಣದಲ್ಲಿ ದಿನ, ವೇಳೆ ಸಿಗುತ್ತವೆ ನಿಜ, ಆದರೆ ರಜೆ ಬಂದರೆ ಸಭೆಯೇ ಇರುವುದಿಲ್ಲ. ಒಂದೂವರೆ ತಿಂಗಳು ಮುಂಚೆ ಆ ಕ್ಲಬ್ಬಿನ ಕಾರ್ಯದರ್ಶಿಗೆ ಇಮೇಲ್ ಬರೆದು, ಹೊರಡುವ ವಾರ ಮತ್ತೊಮ್ಮೆ ಕೇಳಿಕೊಳ್ಳಬೇಕು. ಜೂನ್ ಕೊನೆ, ಜುಲೈ ಮೊದಲ ವಾರ ಬೇಡವೇ ಬೇಡ. ಜುಲೈ 1ಕ್ಕೆ ರೋಟರಿ ವರ್ಷ ತಿರುಗಿ ಪದಾಧಿಕಾರಿಗಳು ಬದಲಾಗುತ್ತಾರೆ, ನಿಮ್ಮ ಪತ್ರ ಹಳಬರ ಹತ್ತಿರವೇ ಉಳಿದುಬಿಡುತ್ತದೆ.

ಅದೇ ಪತ್ರದಲ್ಲಿ ಊಟದ ವಿಷಯವನ್ನೂ ಬಿಡಿಸಿ ಬರೆಯಿರಿ. ಬರೀ ಸಸ್ಯಾಹಾರಿ ಎಂದರೆ ಸಾಲದು. ಮೊಟ್ಟೆ, ಮೀನಿನ ಸಾಸ್ ಕೂಡ ಬೇಡ ಎಂದಿರಬೇಕು. ಅತಿಥಿಯ ಊಟದ ಹಣ ಎಷ್ಟು, ಹೇಗೆ ಕೊಡಬೇಕು ಎಂದು ಆಗಲೇ ಕೇಳಿಕೊಳ್ಳುವುದು ಒಳ್ಳೆಯದು.

ವೀಸಾವನ್ನು ಅಧಿಕೃತ ಏಜೆಂಟರ ಮೂಲಕ ಮಾಡಿಸಬೇಕು, ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಪುರದ ಅರೈವಲ್ ಕಾರ್ಡನ್ನು ಇಳಿಯುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಎರಡು ಕ್ಲಬ್‌ಗಳು ತಮ್ಮ ಬ್ಯಾನರ್‌ಗಳನ್ನು ಪರಸ್ಪರ ಕೊಟ್ಟುಕೊಳ್ಳುವ ಬ್ಯಾನರ್ ವಿನಿಮಯಕ್ಕೆ ನಮ್ಮ ಕ್ಲಬ್ಬಿನ ಎರಡು ಬ್ಯಾನರ್ ಒಯ್ಯುತ್ತೇನೆ, ಒಂದು ಹೆಚ್ಚಿಗೆ ಇರಲಿ ಎಂದು. ಅಚ್ಚಿಗೆ ಕೊಡುವಾಗ ರೋಟರಿಯ ಲಾಂಛನವಾದ ಚಕ್ರವನ್ನು ಎಣಿಸಿ ನೋಡಿ: 24 ಹಲ್ಲು, 6 ಅರೆಕಾಲು (ಸ್ಪೋಕ್), ನಡುವಿನ ತೂತಿನಲ್ಲಿ ಕೀವೇ, ಅಂದರೆ ಚಕ್ರವನ್ನು ದಂಡಕ್ಕೆ ಹಿಡಿಸುವ ಬೆಣೆ ಕೂರುವ ಕಚ್ಚು. ಅಂತರ್ಜಾಲದಿಂದ ಹಳೇ ಚಿತ್ರ ಇಳಿಸಿಕೊಂಡರೆ ಈ ಕೀವೇ ಬಿಟ್ಟುಹೋಗಿರುವುದುಂಟು. ಕೀವೇ ಇಲ್ಲದ ಚಕ್ರ ದಂಡದ ಮೇಲೆ ಸುಮ್ಮನೆ ತಿರುಗುತ್ತದೆ, ಕೆಲಸ ಮಾಡುವುದಿಲ್ಲ. ಹಳೇ ರೊಟೇರಿಯನ್ನರು ಅದನ್ನು ತಕ್ಷಣ ಗುರುತಿಸುತ್ತಾರೆ. ಇನ್ನೊಂದು ಮಾತು: ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬ್ಯಾನರಿನಲ್ಲಿ ಹಂಪಿಯ ಕಲ್ಲಿನ ರಥದ ಚಿತ್ರವಿದ್ದು ಅದರ ಕೆಳಗೆ ಬಳ್ಳಾರಿ ಜಿಲ್ಲೆ ಎಂದು ಹಳೇ ಅಚ್ಚು ಉಳಿದಿದ್ದರೆ ತಿದ್ದಿಸಿ.

ಕಾಣಿಕೆಗೆ ಕಿನ್ನಾಳದ ಗೊಂಬೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಹಗುರ ಮರ, ನಮ್ಮ ಜಿಲ್ಲೆಯದೇ ಕಸುಬು, ಭೌಗೋಳಿಕ ಗುರುತೂ (ಜಿಐ) ಇದೆ. ಗೇಣುದ್ದಕ್ಕಿಂತ ಚಿಕ್ಕದನ್ನು ಆರಿಸಿ, ಮೊದಲು ಹತ್ತಿ ಬಟ್ಟೆ ಸುತ್ತಿ, ಆಮೇಲೆ ಗುಳ್ಳೆ ಪ್ಲಾಸ್ಟಿಕ್ ಸುತ್ತಬೇಕು. ಪ್ಲಾಸ್ಟಿಕ್ ನೇರ ತಗುಲಿದರೆ ಬಿಸಿಗೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಕೈಚೀಲದಲ್ಲೇ ಇರಲಿ.

ಸಭೆಗೆ ಇಪ್ಪತ್ತು ನಿಮಿಷ ಮುಂಚೆ ಹೋಗಿ, ಬಾಗಿಲಲ್ಲಿ ಸಾರ್ಜೆಂಟ್ ಅಟ್ ಆರ್ಮ್ಸ್ (ಸಭೆಯ ಶಿಸ್ತು, ವ್ಯವಸ್ಥೆ ನೋಡಿಕೊಳ್ಳುವ ಪದಾಧಿಕಾರಿ) ಅವರನ್ನು ಕಂಡು ನಿಮ್ಮ ಹೆಸರಿನ ಉಚ್ಚಾರ ಹೇಳಿಕೊಡಿ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟು, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಓದದೆ ಜೇಬಿಗಿಳಿಸಬಾರದು. ಮಾತಿಗೆ ಸಿಗುವುದು ಐದು ನಿಮಿಷ. ಅದರಲ್ಲಿ ಪದಾಧಿಕಾರಿಗಳ ಪಟ್ಟಿ ಓದುವುದು ಹೊತ್ತು ಹಾಳು. ನಾನು ಒಂದೇ ವಿಷಯ ಹಿಡಿಯುತ್ತೇನೆ, ನಮ್ಮ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಭಾರತೀಯ ಮಾನಕದ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ನೀವು ಮಾತಾಡುವ ಊರಿನ ನೀರಿನ ಪರೀಕ್ಷಾ ವರದಿ ಕೈಯಲ್ಲಿರಬೇಕು. ನೀರು ಶುದ್ಧ ಮಾಡುವ ಆರ್‌ಒ ಘಟಕ ಎಂದ ಕೂಡಲೇ ಅಲ್ಲಿನ ಸದಸ್ಯರು ಕೇಳುವುದು ಎರಡು: ಅದರ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಿಸುವ ಖರ್ಚು ಯಾರದು, ಹೊರಬೀಳುವ ಉಪ್ಪುನೀರು ಎಲ್ಲಿಗೆ ಹೋಗುತ್ತದೆ. ಇವಕ್ಕೆ ಉತ್ತರವಿಲ್ಲದೆ ಮಾತಿಗೆ ನಿಲ್ಲಬೇಡಿ.

ಮೊದಲ ಭೇಟಿಯಲ್ಲಿ ಹಣ ಕೇಳಬಾರದು. ಯಾರಾದರೂ ತಾವಾಗಿಯೇ ನಗದು ಕೊಡಲು ಬಂದರೂ ಕೈ ಮುಗಿದು ಬೇಡ ಎನ್ನಿ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಊರಿಗೆ ಬಂದ ವಾರದೊಳಗೆ ಫೋಟೋ ಮತ್ತು ಅವರು ಕೇಳಿದ ಪ್ರಶ್ನೆಗಳ ಉತ್ತರ ಕಳಿಸಿ. ಪತ್ರ ಅಧ್ಯಕ್ಷರಿಗೂ, ಮುಂದಿನ ವರ್ಷದ ಅಧ್ಯಕ್ಷರಿಗೂ ಹೋಗಲಿ. ಇದನ್ನು ಮಾಡದಿದ್ದರೆ ಭೇಟಿ ಮರೆತುಹೋಗುತ್ತದೆ. ಮುಂದೆ ಗ್ಲೋಬಲ್ ಗ್ರ್ಯಾಂಟ್‌ಗೆ (ಬೇರೆ ಬೇರೆ ದೇಶದ ಕ್ಲಬ್‌ಗಳ ಜಂಟಿ ಯೋಜನೆಗೆ ರೋಟರಿ ಪ್ರತಿಷ್ಠಾನ ಕೊಡುವ ಅನುದಾನ) ಕನಿಷ್ಠ 30,000 ಅಮೆರಿಕನ್ ಡಾಲರ್ ಬಜೆಟ್ ಬೇಕು, ದೇಣಿಗೆಯ ಶೇ 15ರಷ್ಟಾದರೂ ಹೊರದೇಶದಿಂದ ಬರಬೇಕು. ಆ ಮಾತು ಎತ್ತುವ ಮೊದಲೇ ಊರವರ ಜೊತೆ ಕೂತು ಅಗತ್ಯದ ಸಮೀಕ್ಷೆ ಮುಗಿಸಿ, ವರದಿಯನ್ನು ಪತ್ರದ ಜೊತೆಗಿಡಿ.