ಹಳೆಯ ವಿಡಂಬನ ಚಿತ್ರವನ್ನು ಓದುವ ಕ್ರಮ

ಕಿರೀಟ, ಮುಂಡಾಸು, ಮುಖವರ್ಣಿಕೆಗಳನ್ನು ಕಂಡೊಡನೆ ರಂಗಸ್ಥಳಕ್ಕೆ ಬಂದ ವೇಷ ಯಾರದೆಂದು ಗುರುತಿಸುವ ಅಭ್ಯಾಸ ಉಡುಪಿಯ ಕಡೆಯ ಯಕ್ಷಗಾನ ಪ್ರೇಕ್ಷಕರಿಗೆ ಚಿಕ್ಕಂದಿನಲ್ಲೇ ಬಂದುಬಿಡುತ್ತದೆ. ಹಿಂದಿನ ಶತಮಾನಗಳಲ್ಲಿ ಯುರೋಪಿನ ಚರ್ಚು, ಅರಮನೆ, ನ್ಯಾಯಾಲಯಗಳನ್ನು ಹಂಗಿಸಿ ಅಚ್ಚಾದ ಚಿತ್ರಗಳನ್ನು ಓದಲು ಆ ಅಭ್ಯಾಸವೇ ಸಾಕಷ್ಟು ದೂರ ಕೈಹಿಡಿದು ನಡೆಸುತ್ತದೆ. ಇಲ್ಲಿನ ಕಲಾ ವಿದ್ಯಾರ್ಥಿಗಳೊಡನೆ ಅಂಥ ಚಿತ್ರಗಳನ್ನು ನೋಡುವಾಗ ನಾನು ಅನುಸರಿಸುವ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಚಿತ್ರದ ಕೆಳಗಿನ ಬರಹವನ್ನು ಕಾಗದದಿಂದ ಮುಚ್ಚಿ, ಯಾರ ತಲೆಯ ಮೇಲೆ ಏನಿದೆ, ಯಾರು ಕುಳಿತಿದ್ದಾರೆ, ಯಾರು ಬಾಗಿದ್ದಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. 1521ರಲ್ಲಿ ಜರ್ಮನಿಯಲ್ಲಿ ಲೂಕಾಸ್ ಕ್ರಾನಾಖ್‌ನ ಮರದಚ್ಚಿನ ಚಿತ್ರಗಳೊಡನೆ ಪ್ರಕಟವಾದ ಕಿರುಪುಸ್ತಕವೊಂದು ಈ ಅಭ್ಯಾಸಕ್ಕೆ ಬಹಳ ತಕ್ಕುದು. ಅದರಲ್ಲಿ 13 ಜೋಡಿ ಚಿತ್ರಗಳಿವೆ. ಒಂದು ಪುಟದಲ್ಲಿ ಕ್ರಿಸ್ತನು ಶಿಷ್ಯರ ಪಾದ ತೊಳೆಯುತ್ತಿದ್ದರೆ, ಎದುರು ಪುಟದಲ್ಲಿ ಪೋಪ್ ತನ್ನ ಪಾದಕ್ಕೆ ಮುತ್ತಿಡಿಸಿಕೊಳ್ಳುತ್ತಾನೆ. ಅಕ್ಷರ ಬಾರದವರೂ ಈ ಹೋಲಿಕೆಯನ್ನು ಗ್ರಹಿಸಬಲ್ಲವರಾಗಿದ್ದರು.

ಬಳಿಕ ಚಿತ್ರದೊಳಗೆ ಏನು ಎಲ್ಲಿಂದ ಎಲ್ಲಿಗೆ ಸಾಗುತ್ತಿದೆ ಎಂಬುದನ್ನು ಬೆರಳಿನಿಂದ ಹಿಂಬಾಲಿಸಿ. ಇದನ್ನು ಕಲಿಯಲು ಫ್ರಾನ್ಸಿನ ವಿಡಂಬನ ಚಿತ್ರಕಾರ ಒನೊರೆ ದೊಮಿಯೆ 1831ರಲ್ಲಿ ರಚಿಸಿದ, ಹಳೆಯ ಫ್ರೆಂಚ್ ಕಥೆಯ ಹೊಟ್ಟೆಬಾಕ ದೈತ್ಯನ ಹೆಸರು ಹೊತ್ತ ‘ಗಾರ್ಗಾಂತುವಾ’ ಎಂಬ ಚಿತ್ರಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಅದರಲ್ಲಿ ದೈತ್ಯನಾಗಿ ಕುಳಿತಿದ್ದಾನೆ; ಬಲಗಡೆ ಬಡವರು ಬುಟ್ಟಿಗೆ ಹಾಕಿದ ನಾಣ್ಯಗಳನ್ನು ಹೊತ್ತ ಪುಟ್ಟ ಆಳುಗಳು ಅವನ ಬಾಯಿಗೆ ಚಾಚಿದ ಹಲಗೆಯ ಮೇಲೆ ಹತ್ತುತ್ತಿದ್ದಾರೆ; ಅವನ ಆಸನದ ಅಡಿಯಿಂದ ಉದುರುವ ಬಿರುದು ಮತ್ತು ನೇಮಕಾತಿಯ ಪತ್ರಗಳಿಗೆ ಆಸ್ಥಾನದವರು ಮುಗಿಬಿದ್ದಿದ್ದಾರೆ. ಬಡವರ ಬುಟ್ಟಿಯಿಂದ ಹೊರಟ ಬೆರಳು ಹಲಗೆ ಹತ್ತಿ, ದೊರೆಯ ಹೊಟ್ಟೆಯನ್ನು ಹಾದು, ಕೆಳಗಿನ ಗುಂಪಿಗೆ ತಲುಪಿದಾಗ ತೆರಿಗೆಯ ಹಣ ಎಲ್ಲಿ ಹೋಗುತ್ತಿದೆ ಎಂಬ ಆರೋಪ ಪೂರ್ಣವಾಗುತ್ತದೆ. ದೊರೆಯ ಮುಖ ಪೇರ್ ಹಣ್ಣನ್ನು ಹೋಲುವುದನ್ನೂ ಗಮನಿಸಿ. ದೊಮಿಯೆಯ ಚಿತ್ರಗಳನ್ನು ಪ್ರಕಟಿಸುತ್ತಿದ್ದ ವಾರಪತ್ರಿಕೆಯ ಒಡೆಯ ಶಾರ್ಲ್ ಫಿಲಿಪೊಂ 1831ರಲ್ಲಿ ತನ್ನ ಮೇಲಿನ ಮೊಕದ್ದಮೆಯಲ್ಲಿ ದೊರೆಯ ಮುಖವು ಹಂತಹಂತವಾಗಿ ಆ ಹಣ್ಣಾಗುವ ನಾಲ್ಕು ಚಿತ್ರಗಳನ್ನು ಮುಂದಿಟ್ಟು, ಹೋಲಿಕೆಯೇ ಅಪರಾಧವಾದರೆ ಯಾವ ಗೆರೆಯನ್ನು ಶಿಕ್ಷಿಸುವಿರಿ ಎಂದು ವಾದಿಸಿದ್ದನು.

ಚಿತ್ರಕ್ಕೆ ಏನಾಯಿತು ಎಂಬುದನ್ನು ತಿಳಿಯದೆ ಓದು ಮುಗಿಯುವುದಿಲ್ಲ. ‘ಗಾರ್ಗಾಂತುವಾ’ಕ್ಕಾಗಿ 1832ರಲ್ಲಿ ದೊಮಿಯೆಗೆ ಆರು ತಿಂಗಳ ಸೆರೆವಾಸವೂ 500 ಫ್ರಾಂಕ್ ದಂಡವೂ ವಿಧಿಸಲ್ಪಟ್ಟವು. 1835ರ ಕಾನೂನು ಚಿತ್ರಗಳ ಪ್ರಕಟಣೆಗೆ ಮುಂಚಿತ ಅನುಮತಿಯನ್ನು ಕಡ್ಡಾಯಗೊಳಿಸಿದ ಮೇಲೆ ದೊರೆಯನ್ನು ನೇರವಾಗಿ ಬರೆಯಲಾಗದೆ ಅವನು ಸಮಾಜದ ಕಡೆಗೆ ತಿರುಗಿದನು. 1845ರಿಂದ ಬಂದ ಅವನ ವಕೀಲರ ಮತ್ತು ನ್ಯಾಯಾಧೀಶರ ಚಿತ್ರಮಾಲೆಯನ್ನು ಈ ನಿರ್ಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು.

ಕೊನೆಗೆ ಅಚ್ಚಿನ ವಿಧಾನವನ್ನು ವಿಚಾರಿಸಿ. ಮರದಚ್ಚಿಗೆ ಹಲಗೆಯನ್ನು ಕೆತ್ತಬೇಕು; ಕಲ್ಲಚ್ಚಿನಲ್ಲಾದರೋ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ನೇರವಾಗಿ ಬರೆದು, ಕಲ್ಲನ್ನು ತೇವಗೊಳಿಸಿ ಶಾಯಿ ಹಚ್ಚಿದರೆ, ನೀರು ಹಿಡಿದ ಭಾಗ ಶಾಯಿಯನ್ನು ದೂರವಿಟ್ಟು ಜಿಡ್ಡಿನ ಗೆರೆ ಮಾತ್ರ ಅದನ್ನು ಹೀರಿಕೊಳ್ಳುತ್ತದೆ. ವಾರಪತ್ರಿಕೆಯ ವೇಗಕ್ಕೆ ದೊಮಿಯೆಯ ಕೈ ಒಗ್ಗಿದ್ದು ಇದರಿಂದಲೇ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕೂಡ ಕಲ್ಲಚ್ಚಿನಲ್ಲೇ ಮುದ್ರಣಗೊಂಡಿತ್ತು ಎಂದಾಗ ವಿದ್ಯಾರ್ಥಿಗಳಿಗೆ ಆ ದೂರದ ಕಲ್ಲು ಹತ್ತಿರದ್ದಾಗುತ್ತದೆ.

ಇಷ್ಟಾದ ಮೇಲೆ ಮುಚ್ಚಿದ ಬರಹವನ್ನು ತೆರೆದು, ಚಿತ್ರವು ಯಾರ ಮೇಲೆ ಯಾವ ಆರೋಪ ಹೊರಿಸುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ವಾಕ್ಯ ಕೂಡಿಬಾರದಿದ್ದರೆ ಬೆರಳನ್ನು ಮತ್ತೆ ಬಡವರ ಬುಟ್ಟಿಯ ಬಳಿಗೆ ತನ್ನಿ.