ಹತ್ತಿ ಬಿಡಿಸುವ ಕೈ

ರಾತ್ರಿ ಎರಡೂವರೆ ಇರಬೇಕು. ಐಸಿಯುನ ನಾಲ್ಕನೇ ಬೆಡ್‌ನಲ್ಲಿದ್ದ ರೈತ ಹೊದಿಕೆಯಿಂದ ಏನನ್ನೋ ಕಿತ್ತು ಕಿತ್ತು ಸೊಂಟದ ಹತ್ತಿರ ಹಾಕಿಕೊಳ್ಳುತ್ತಿದ್ದರು. ಹೊದಿಕೆ ಮೇಲೆ ಏನೂ ಇರಲಿಲ್ಲ. ಬೆರಳು ಮಾತ್ರ ಬಹಳ ನಾಜೂಕು. ಮೂರು ಬೆರಳು ಕೂಡಿಸಿ ಹಿಡಿಯೋದು, ಸಣ್ಣಗೆ ತಿರುವೋದು, ಎಳೆಯೋದು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಅಕ್ಕಾರ, ಹತ್ತಿ ಬಿಡಸಾಕತ್ತಾರ್ರೀ. ಹೊಲದಾಗ ಇನ್ನೂ ಕಾಯಿನ ಒಡದಿಲ್ಲ."

ನಾನು ಸ್ಟಾಫ್ ನರ್ಸ್. ಈ ಕೈಯಾಟಕ್ಕೆ ಒಂದು ಹೆಸರಿದೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ. ಹಿರಿಯ ಡಾಕ್ಟರೊಬ್ಬರು ರೌಂಡ್ಸ್‌ನಲ್ಲಿ ಹೇಳಿದ್ದರು: ಕಾರ್ಫಾಲಜಿ. ಗ್ರೀಕಿನಲ್ಲಿ ಕಾರ್ಫೋಸ್ ಅಂದರೆ ಒಣ ಹುಲ್ಲುಕಡ್ಡಿ. ಕಡ್ಡಿ ಆರಿಸೋದು ಅಂತ ಅರ್ಥ. ಫ್ಲಾಕ್ಸಿಲೇಷನ್ ಅಂತಲೂ ಕರೆಯುತ್ತಾರೆ. ಅದು ಲ್ಯಾಟಿನ್‌ನ ಫ್ಲಾಕಸ್, ಉಣ್ಣೆಯ ಎಳೆ, ಅದರಿಂದ ಬಂದದ್ದು. ವಾರ್ಡ್‌ನಲ್ಲಿ ಯಾರೂ ಈ ಮಾತು ಆಡಲ್ಲ. 'ಬೆಡ್‌ಶೀಟ್ ಕೀಳ್ತಿದ್ದಾರೆ' ಅಂತೀವಿ, ಅಷ್ಟೇ. ಊರ ಹಿರಿಯರು ಸನ್ನಿ ಅಂತಾರೆ, ಆಮೇಲೆ ದನಿ ತಗ್ಗಿಸಿ 'ಇನ್ನು ಉಳಿಯಲ್ಲ' ಅಂತಾರೆ.

ಆ ಹೆದರಿಕೆ ಹಳೆಯದು. ಜೋರು ಜ್ವರದಲ್ಲಿ ರೋಗಿ ಗಾಳಿಯಲ್ಲಿ ತಡಕಿದರೆ, ಹೊದಿಕೆಯ ಎಳೆ ಕಿತ್ತರೆ, ಗೋಡೆಯಿಂದ ಹೊಟ್ಟು ಆರಿಸಿದರೆ ಅದು ಸಾವಿನ ಗುರುತು ಅಂತ ಪ್ರಾಚೀನ ಗ್ರೀಕ್ ವೈದ್ಯ ಹಿಪಾಕ್ರಟೀಸನ ಕಾಲದಲ್ಲೇ ಬರೆದಿಟ್ಟಿದ್ದರು. ಅದಾಗಿ ಐದಾರು ಶತಮಾನಕ್ಕೆ ಗೇಲನ್ ಅನ್ನೋ ಇನ್ನೊಬ್ಬ ವೈದ್ಯ ಬಂದ. ಹರೆಯದಲ್ಲಿ ಅವನಿಗೇ ಜ್ವರ ಬಂದು ಹಾಸಿಗೆ ಮೇಲೆ ಕಪ್ಪು ಕಡ್ಡಿಗಳು ಕಾಣಿಸಿದವು, ಆರಿಸತೊಡಗಿದ. ಪಕ್ಕದಲ್ಲಿದ್ದ ಗೆಳೆಯರು ಅದನ್ನೇ ಮಾತಾಡಿಕೊಳ್ಳೋದು ಕಿವಿಗೆ ಬಿತ್ತು. ಓ, ನನಗೇ ಇದು ಆಗ್ತಿದೆ ಅಂತ ಅರಿವಾಗಿ, ಚಿಕಿತ್ಸೆ ಮಾಡಿ ಅಂತ ಅವರಿಗೆ ತಾನೇ ಹೇಳಿದ. ಬದುಕಿದ, ಬರೆದೂ ಇಟ್ಟ. ನನಗೆ ಹಿಪಾಕ್ರಟೀಸನಿಗಿಂತ ಈ ಗೇಲನ್ನೇ ಜಾಸ್ತಿ ಇಷ್ಟ.

ಶುರುವಿನಲ್ಲಿ ನಾನೂ ತಪ್ಪು ಮಾಡಿದ್ದೀನಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ರಾತ್ರಿಯೆಲ್ಲ ಸೀರೆ ನೆರಿಗೆ ಹಿಡಿಯುವ ಹಾಗೆ ಶೀಟು ಎಳೆಯುತ್ತಿದ್ದರು. ಡ್ರಿಪ್ ಕಿತ್ತುಕೊಳ್ಳುತ್ತಾರೆ ಅಂತ ಗಾಜ್ ಬಟ್ಟೆಯಿಂದ ಕೈ ಕಟ್ಟಿದೆ. ನೋಟ್ಸ್‌ನಲ್ಲಿ 'ರೆಸ್ಟ್‌ಲೆಸ್' ಅಂತ ಒಂದೇ ಪದ ಬರೆದೆ. ಬೆಳಿಗ್ಗೆ ನೋಡಿದರೆ ಮೂತ್ರದ ಪೈಪು ಮಡಚಿಕೊಂಡು ಕಟ್ಟಿತ್ತು, ಕೆಳಹೊಟ್ಟೆ ಕಲ್ಲಿನ ಹಾಗಿತ್ತು. ಪೈಪು ಸರಿಮಾಡಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೈ ಸುಮ್ಮನಾಯಿತು. ಮಣಿಕಟ್ಟಿನ ಕೆಂಪು ಗೆರೆ ಮಾತ್ರ ಎರಡು ದಿನ ಹೋಗಲಿಲ್ಲ.

ಆಮೇಲಿಂದ ಕೈ ಹೀಗಾಡಿದರೆ ಮೊದಲು ಪೈಪು ನೋಡ್ತೀನಿ. ಜೊತೆಗೆ ಶುಗರ್, ಆಕ್ಸಿಜನ್, ಜ್ವರ, ಹೊಸದಾಗಿ ಯಾವ ಔಷಧಿ ಶುರುವಾಗಿದೆ ಅನ್ನೋದು. ಕುಡಿತ ಎಷ್ಟು ದಿನದ ಹಿಂದೆ ನಿಂತಿತು ಅಂತ ಮನೆಯವರನ್ನು ಪಕ್ಕಕ್ಕೆ ಕರೆದು ಕೇಳ್ತೀನಿ. ನಾಲ್ಕು ಜನರ ಮುಂದೆ ಕೇಳಿದರೆ 'ಏನೂ ಇಲ್ಲ' ಅಂತಾರೆ.

ಈ ರೈತನ ವಿಷಯದಲ್ಲಿ ಉತ್ತರ ಸಿರಿಂಜ್ ಪಂಪ್‌ನಲ್ಲೇ ಇತ್ತು. ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷ ಮೈಗೆ ಹತ್ತಿ ಬಂದವರು. ಆ ಕೀಟನಾಶಕ ಎದೆ ತುಂಬ ನೀರು ತುಂಬಿಸುತ್ತದೆ, ಅದನ್ನು ಒಣಗಿಸೋಕೆ ಆ ಪಂಪ್‌ನಿಂದ ಅಟ್ರೊಪಿನ್ ಅನ್ನೋ ಔಷಧಿ ಕೊಡ್ತೀವಿ. ಸಾಕಾದಷ್ಟು ಕೊಟ್ಟರೆ ಜೀವ ಉಳಿಯುತ್ತೆ, ಹೆಚ್ಚಾದರೆ ತಲೆ ಕೆಡುತ್ತೆ. ದತ್ತೂರಿ ತಿಂದವರು ಗಾಳಿಯಲ್ಲಿ ತಡಕೋದೂ ಇದರಿಂದಲೇ, ಆ ಗಿಡದಲ್ಲೂ ಅಟ್ರೊಪಿನ್ ಇದೆ.

ಕಂಕುಳಲ್ಲಿ ಕೈಯಿಟ್ಟೆ. ಪೂರ್ತಿ ಒಣಗಿ ಸುಡುತ್ತಿತ್ತು. ಜ್ವರ 101, ನಾಡಿ 136. ಟಾರ್ಚ್ ಹಾಕಿದರೂ ಕಣ್ಣಿನ ಪಾಪೆ ದೊಡ್ಡದಾಗಿಯೇ ಇತ್ತು. ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು ಕಾದೆ, ಗುಳುಗುಳು ಶಬ್ದವೇ ಇಲ್ಲ. ಎದೆ ಮಾತ್ರ ಸ್ವಚ್ಛ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆ. ಅವರೂ ಎಲ್ಲ ಇನ್ನೊಮ್ಮೆ ನೋಡಿ ಪಂಪ್ ನಿಲ್ಲಿಸಿ ಅಂದರು.

ನಿಲ್ಲಿಸೋದು ಸುಲಭ, ಆಮೇಲೆ ಕಾಯೋದೇ ಕಷ್ಟ. ವಿಷ ಇನ್ನೂ ಮೈಯಲ್ಲಿದ್ದರೆ ಎದೆ ಮತ್ತೆ ತುಂಬುತ್ತೆ. ಹದಿನೈದು ನಿಮಿಷಕ್ಕೊಮ್ಮೆ ಎದೆ ಕೇಳ್ತಾ ಕೂತೆ. ಕೈ ಕಟ್ಟಲಿಲ್ಲ. ಹೆಂಡತಿಯನ್ನು ಒಳಗೆ ಕರೆದು ಕೂರಿಸಿದೆ. ಆಕೆ ಸೆರಗಿನ ತುದಿ ಗಂಡನ ಕೈಗೆ ಕೊಟ್ಟರು. ಡ್ರಿಪ್ ಬಿಟ್ಟು ಆತ ಅದನ್ನೇ ಬಿಡಿಸೋಕೆ ಶುರುಮಾಡಿದರು. "ಸಾಯ್ತಾರೇನ್ರೀ?" ಅಂತ ಕೇಳಿದರು. ಇದು ಔಷಧಿ ಜಾಸ್ತಿಯಾಗಿ ಆಗಿರೋದು, ಇಳಿಯುತ್ತೆ, ನಾನು ಇಲ್ಲೇ ಇರ್ತೀನಿ ಅಂದೆ.

ಅರ್ಧ ಗಂಟೆ ಕಳೆದರೂ ಮೈ ಸುಡುತ್ತಲೇ ಇತ್ತು. ಒಂದು ಗಂಟೆಗೆ ನಾಡಿ ಇಳಿಯಿತು. ಆಮೇಲೆ ಡಾಕ್ಟರ್ ಹೇಳಿದಂತೆ ಮೊದಲಿನ ವೇಗದ ಮುಕ್ಕಾಲು ಭಾಗಕ್ಕೆ ಇಳಿಸಿ ಮತ್ತೆ ಪಂಪ್ ಹಾಕಿದೆವು. ಈ ಸಲ ನೋಟ್ಸ್‌ನಲ್ಲಿ 'ರೆಸ್ಟ್‌ಲೆಸ್' ಅಂತ ಬರೆಯಲಿಲ್ಲ. ಎರಡೂವರೆಗೆ ಬಲಗೈ ಹೊದಿಕೆ ಕೀಳುತ್ತಿತ್ತು, ನಾಲ್ಕು ಗಂಟೆಗೆ ನಿಧಾನವಾಯಿತು, ಆರಕ್ಕೆ ನಿಂತಿತು ಅಂತ ಬರೆದೆ.

ಎರಡು ದಿನ ಬಿಟ್ಟು, ಆ ರಾತ್ರಿ ಏನಾದರೂ ನೆನಪಿದೆಯಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: "ಹೊಲ ಎಲ್ಲಾ ಬೆಳ್ಳಗ ಅರಳಿತ್ರೀ. ಮಳಿ ಬರೂದ್ರಾಗ ಬಿಡಸಬೇಕಾಗಿತ್ತು."